ಕೂಸು ದೊಡ್ಡದಾಗುವವರೆಗೆ

ಗೊಣ್ಣಾಳ, ರೋಣ ಸೀಮೆ
೧೦ ಫೆಬ್ರುವರಿ ೧೮೫೮

ರಾಘಣ್ಣನಿಗೆ ಶೇಖವ್ವನ ಆಶೀರ್ವಾದ.

ನೀನು ಗಜೇಂದ್ರಗಡದಲ್ಲಿ ಕಾರಕೂನನಾದ ಮೇಲೆ ಇಂಗ್ರೇಜಿ ತಾರೀಖು ಇಲ್ಲದ ಕಾಗದವನ್ನು ಕಾಗದವೆಂದೇ ಎಣಿಸುವುದಿಲ್ಲವೆಂದು ಬಳೆಗಾರ ಮೌಲಾಸಾಬ ಹೇಳಿದ. ಹಾಕಿದ್ದೇನೆ, ನೋಡಿಕೋ. ಊರ ಮಕ್ಕಳಿಗೆ ಓದು ಕಲಿಸುತ್ತಿದ್ದ ನಿಮ್ಮಪ್ಪನ ಪಡಸಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುವಾಗ ನಿನ್ನ ಬೆರಳು ಹಿಡಿದು ತಿದ್ದಿಸಿದವಳು ನಾನು. ಈಗ ನೀನು ನನಗೆ ತಾರೀಖು ಕಲಿಸುತ್ತೀ.

ನಮ್ಮ ಮನೆತನದ ಹಿಂದಿನ ಸಂಗತಿ ಬರೆಯುವ ಕೈಫಿಯತ್ತು ಎಲ್ಲಿಗೆ ಬಂತು? ಹೋದ ದಸರೆಯ ಮಾನೌಮಿಗೆ ಬಂದು ಊರ ಮುಂದಿನ ವೀರಗಲ್ಲಿಗೆ ಹಸಿ ಅರಿವೆ ಅಂಟಿಸಿ, ಇದ್ದಲಿ ತಿಕ್ಕಿ, ಅಕ್ಷರಗಳ ಗುರುತು ಇಳಿಸಿಕೊಂಡು ಹೋದವನು ಇನ್ನೂ ಏನೂ ಬರೆದು ಕಳಿಸಿಲ್ಲ. ಇನಾಮು ಹೊಲದ ಮೂಲ ತೋರಿಸಿರಿ ಎಂದು ಕಚೇರಿಯವರು ಎರಡು ಸಲ ಹೇಳಿ ಕಳಿಸಿದ್ದಾರೆ. ಬೇವಿನಹಳ್ಳದ ಎರೆ ಹೊಲ ಸಿಂಗನಗಿರಿ ಅರಸರು ನಮ್ಮ ಹಿರಿಯನ ನೆತ್ತರಿಗೆ ಕೊಟ್ಟದ್ದು. ಆ ಅರಸರು ದನ ಕಾಯುತ್ತಿದ್ದವರು. ಊರಿಗೊಂದು ಕುದುರೆಯಂತೆ ಕೂಡಿಸಿ ದಂಡು ಕಟ್ಟಿ, ಮಲಪ್ರಭೆಯ ಎರಡೂ ದಂಡೆಯನ್ನು ನೂರು ವರ್ಷ ಆಳಿದರು. ಆ ದಂಡಿನಲ್ಲಿ ಗೊಣ್ಣಾಳದ ಕುದುರೆ ಮುಂದಿನ ಸಾಲಿನಲ್ಲಿತ್ತು. ಇಷ್ಟನ್ನು ನನ್ನ ಅತ್ತೆ ನನಗೆ ಹೇಳಿದರು, ನಾನು ಮಗ ತೋಟಪ್ಪನಿಗೆ ಹೇಳಿದೆ. ಇನ್ನು ಬರಹದಲ್ಲಿ ನಿಲ್ಲಬೇಕು.

ಕತ್ತಿಯ ಪದ್ಧತಿಯನ್ನೂ ಮರೆಯದೆ ಬರೆ. ಮಾನೌಮಿಯ ದಿನ ಊರ ಕಾವಲಿನ ವಾಲೀಕಾರ ಹನಮಪ್ಪ ನಮ್ಮ ಪಡಸಾಲೆಯ ಗೂಟದಿಂದ ಕತ್ತಿ ಇಳಿಸಿ ವೀರಗಲ್ಲಿನ ತನಕ ಹೊರುತ್ತಾನೆ. ಕಲ್ಲಿಗೆ ಮುಟ್ಟಿಸಿ, ಆಮೇಲೆ ತೋಟಪ್ಪನ ಕೈಗೆ ಕೊಡುತ್ತಾನೆ. ಅವನು ಕೊಡುವವರೆಗೆ ನಮ್ಮ ಗಂಡಸರು ಅದನ್ನು ಮುಟ್ಟುವ ಹಾಗಿಲ್ಲ. ಒಡೆಯ ಕೈ ಬೀಸಿಕೊಂಡು ಬರಬೇಕು, ಆಳು ಹೊರಬೇಕು. ಗೌಡಕಿಯ ಗತ್ತು ಅದು. ಈಗಿನವರಿಗೆ ತಿಳಿಯಲಿ.

ಮನೆಯಲ್ಲಿದ್ದ ಆಯುಧಗಳನ್ನೆಲ್ಲ ಸರಕಾರದ ಹುಕುಮಿನಂತೆ ಹೋದ ವಾರ ರೋಣದ ಕಚೇರಿಗೆ ಒಪ್ಪಿಸಿದೆವು. ಒಂದು ಬಂಡಿ ತುಂಬಿತ್ತು. ನಾನು ಹೊರಗೆ ಬಂದು ನೋಡಲಿಲ್ಲ.

ಶೇಖವ್ವ


ಗಜೇಂದ್ರಗಡ
೨ ಮಾರ್ಚ್ ೧೮೫೮

ಶೇಖಕ್ಕನವರಿಗೆ ರಾಘಣ್ಣನ ನಮಸ್ಕಾರಗಳು.

ಬೈಗುಳಕ್ಕೂ ಆಶೀರ್ವಾದಕ್ಕೂ ಒಂದೇ ಕಾಗದದಲ್ಲಿ ಜಾಗ ಮಾಡುವುದು ನಿಮಗೊಬ್ಬರಿಗೇ ಬರುತ್ತದೆ. ಕೈಫಿಯತ್ತಿನ ಮೊದಲ ಭಾಗವನ್ನು ಮೌಲಾಸಾಬನ ಕೈಯಲ್ಲಿ ಕಳಿಸಿದ್ದೇನೆ. ಬಳೆಯ ಮಲಾರದಲ್ಲಿ ಸುತ್ತಿಟ್ಟಿದ್ದಾನೆ, ಹರಿದಿದ್ದರೆ ಅವನನ್ನು ಕೇಳಿರಿ.

ಸಿಂಗನಗಿರಿಯ ಕೇತರಸನ ಸಂಗತಿ ಚೆನ್ನಾಗಿ ಒದಗಿ ಬಂತು. ಅವನಿಗೆ ಬೊಕ್ಕಸವಿರಲಿಲ್ಲ, ಕೋಟೆಯಿರಲಿಲ್ಲ. ಇದ್ದದ್ದು ಒಂದು ಕಟ್ಟಳೆ: ಕುದುರೆ ಗೌಡನದು, ಕತ್ತಿ ಸವಾರನದು. ಕುದುರೆ ಸಾಕುವ ಹೊಣೆ ಊರ ಗೌಡನಿಗೆ. ಸವಾರನಿಗೆ ಮಾತ್ರ ಅರಸನೇ ತನ್ನ ಕೈಯಿಂದ ಕತ್ತಿ ಕೊಡುತ್ತಿದ್ದ. ಸವಾರ ಸತ್ತರೆ ಊರ ಮುಂದೆ ಕಲ್ಲು, ಅವನ ಮಕ್ಕಳಿಗೆ ಹೊಲ. ಕೂಲಿಗೆ ಬಂದ ದಂಡುಗಳು ಓಡಿಹೋಗುವಲ್ಲಿ ಈ ಹಳ್ಳಿಯ ದಂಡು ನಿಲ್ಲುತ್ತಿತ್ತು, ಸತ್ತರೂ ತನ್ನನ್ನು ಊರು ಮರೆಯುವುದಿಲ್ಲವೆಂದು. ಏಳು ಕೋಟೆಗಳು ಹೀಗೇ ಅವನ ಕೈಸೇರಿದವು.

ಒಂದು ಮಾತು ಕೇಳಬೇಕು. ಗೌಡರು ತಾವೇ ಸವಾರರಾಗಿ ಹೋಗುತ್ತಿದ್ದರೋ, ಊರಿನ ಬೇರೆ ಯಾರನ್ನಾದರೂ ಕುದುರೆ ಹತ್ತಿಸಿ ಕಳಿಸುತ್ತಿದ್ದರೋ? ನಿಮ್ಮ ಅತ್ತೆಯವರು ಏನಾದರೂ ಹೇಳಿದ್ದರೆ ತಿಳಿಸಿರಿ. ಕಲ್ಲಿನ ಅಕ್ಷರಗಳು ಬಹಳ ಸವೆದಿವೆ. ಸದ್ಯಕ್ಕೆ ನೀವು ಹೇಳಿದಂತೆಯೇ ಬರೆದಿದ್ದೇನೆ.

ನಿಮ್ಮ ರಾಘಣ್ಣ


ಗೊಣ್ಣಾಳ
೮ ಜೂನ್ ೧೮೫೮

ರಾಘಣ್ಣನಿಗೆ,

ನರಗುಂದದ ಸುದ್ದಿ ನಿನಗೆ ನನಗಿಂತ ಮೊದಲೇ ಮುಟ್ಟಿರಬೇಕು. ಆ ದಿನ ಇಲ್ಲಿ ದೂರದ ಗುಡುಗು ಕೇಳಿಸಿತು. ಮಳೆ ಬಂತೆಂದು ಜನ ಬಿತ್ತಲು ಬೀಜ ಹಸನು ಮಾಡಿಕೊಂಡರು. ಮರುದಿನ ದಾರಿಹೋಕರಿಂದ ತಿಳಿಯಿತು, ಅದು ತೋಪಿನ ಸದ್ದಂತೆ. ಗುಡ್ಡದ ಮೇಲಿನ ಕೋಟೆ ಹೋಯಿತು. ಆಯುಧ ಒಪ್ಪಿಸದವರನ್ನು ಹುಡುಕುತ್ತ ಸಿಪಾಯಿಗಳು ಈಗ ಊರೂರು ತಿರುಗುತ್ತಿದ್ದಾರೆ.

ನಮ್ಮೂರಿಗೂ ಬಂದಿದ್ದರು. ವಾಲೀಕಾರ ಹನಮಪ್ಪನ ಮನೆಯ ಜಂತಿಯಲ್ಲಿ ಒಂದು ಕತ್ತಿ ಸಿಕ್ಕಿತು. ಅವನನ್ನು ರೋಣಕ್ಕೆ ಒಯ್ದಿದ್ದಾರೆ. ನರಗುಂದದವರ ಜೊತೆ ಅವನಿಗೆ ಸಂಬಂಧವಿತ್ತೇ ಎಂದು ವಿಚಾರಣೆ ನಡೆದಿದೆ. ಇತ್ತೆಂದು ಕಂಡರೆ ಧಾರವಾಡಕ್ಕೆ ಕಳಿಸುತ್ತಾರಂತೆ. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ಜನ ಆಡಿಕೊಳ್ಳುತ್ತಾರೆ. ಸಾಹೇಬರು ರೋಣಕ್ಕೆ ಬಂದ ಮೇಲೆ ಇತ್ಯರ್ಥ.

ನೀನು ಕೇಳಿದ್ದಕ್ಕೆ ಉತ್ತರ ಹೇಳಲು ಇದು ಹೊತ್ತಲ್ಲ. ಕೈಫಿಯತ್ತಿನಲ್ಲಿ ಕತ್ತಿಯ ಮಾತು ಎಲ್ಲೆಲ್ಲಿ ಬಂದಿದೆಯೋ ಅದನ್ನು ತೆಗೆದುಹಾಕು. ಮಾನೌಮಿಯ ಪದ್ಧತಿಯನ್ನೂ ತೆಗೆ. ನನ್ನ ಹಿಂದಿನ ಕಾಗದ ನಿನ್ನಲ್ಲಿದ್ದರೆ ಸುಟ್ಟುಬಿಡು. ಕಾರಣ ಕೇಳಬೇಡ.

ಶೇಖವ್ವ


ಗಜೇಂದ್ರಗಡ
೧೫ ಜೂನ್ ೧೮೫೮

ಶೇಖಕ್ಕನವರಿಗೆ ನಮಸ್ಕಾರಗಳು.

ಕಾರಣ ಕೇಳಬೇಡವೆಂದಿದ್ದೀರಿ. ಕೇಳುವುದಿಲ್ಲ. ಬೇರೊಂದು ಕೇಳುತ್ತೇನೆ. ಹನಮಪ್ಪನ ಮನೆಯಲ್ಲಿ ಸಿಕ್ಕ ಕತ್ತಿಗೆ ಸಿಂಹಮುಖದ ಹಿಡಿಯಿದೆಯೇ? ಆ ಸಿಂಹದ ಒಂದು ಕಣ್ಣಿನ ಹರಳು ಬಿದ್ದುಹೋಗಿದೆಯೇ?

ರೋಣದಿಂದ ಸೀರೆ ಒಯ್ಯಲು ಬಂದವರೊಬ್ಬರು ಇಲ್ಲಿ ಹೇಳಿದರು: ಎಷ್ಟು ಹೊಡೆದು ಕೇಳಿದರೂ ಹನಮಪ್ಪನ ಬಾಯಲ್ಲಿ ಒಂದೇ ಮಾತಂತೆ, "ಕತ್ತಿ ನಮ್ದರಿ. ನಮ್ಮ ಮನಿತನದ್ದು." ಕಚೇರಿಯ ಜನ ಅವನಿಗೆ ತಲೆ ನೆಟ್ಟಗಿಲ್ಲವೆಂದು ನಗುತ್ತಾರಂತೆ.

ನಿಮ್ಮ ಕಾಗದ ಸುಟ್ಟಿಲ್ಲ. ನೀವು ಹೇಳಿದ್ದನ್ನು ನಾನು ಮಾಡದೆ ಇದ್ದದ್ದು ಇದೇ ಮೊದಲು.

ರಾಘಣ್ಣ


ಗೊಣ್ಣಾಳ
೨೨ ಜೂನ್ ೧೮೫೮

ರಾಘಣ್ಣ,

ಸಿಂಹಮುಖದ್ದೇ. ಒಂದೇ ಕಣ್ಣಿನದೇ. ನಮ್ಮ ಪಡಸಾಲೆಯ ಗೂಟದ್ದೇ.

ಬಂಡಿಗೆ ಆಯುಧ ಹೇರುವ ಹಿಂದಿನ ದಿನ ಮಟಮಟ ಮಧ್ಯಾಹ್ನ, ಊರೆಲ್ಲ ಜೋಳ ಕೊಯ್ಯಲು ಹೋದಾಗ, ನಾನೇ ಅದನ್ನು ಕಂಬಳಿಯಲ್ಲಿ ಸುತ್ತಿ ಹನಮಪ್ಪನ ಕೈಗೆ ಕೊಟ್ಟೆ. ಜಂತಿಯೊಳಗೆ ಸಿಗಿಸಿಡು ಅಂದೆ.

"ಸಿಕ್ಕರ ಹ್ಯಾಂಗ್ರಿ, ಅವ್ವಾರ?" ಅಂದ.

"ನಿನ್ನ ಮನಿ ಯಾರು ಹುಡುಕತಾರೋ? ಅಲ್ಲೇನೈತಿ ಹುಡುಕಾಕ?" ಅಂದೆ.

ಅವನು ಆ ಕಂಬಳಿಯ ಗಂಟನ್ನು ಎದೆಗೆ ಅವಚಿಕೊಂಡು ಹೋದ. ಎಂಥ ಭಕ್ತಿ ಎಂದುಕೊಂಡೆ.

ಸಿಪಾಯಿಗಳು ಬಂದಾಗ ಮೊದಲು ನಮ್ಮ ಮನೆ ನೋಡಿದರು, ಏನೂ ಸಿಗಲಿಲ್ಲ. ಜಮಾದಾರ ಮರ್ಯಾದೆಯಿಂದ ಕೈ ಮುಗಿದ. ಆಮೇಲೆ ವಾಲೀಕಾರರ ಓಣಿ. ಕತ್ತಿಯನ್ನು ಹಿಡಿದುಕೊಂಡು ಬಂದು ನಮ್ಮ ಕಟ್ಟೆಯ ಮುಂದೆಯೇ ನಿಂತು "ಇದು ಯಾರದು?" ಎಂದು ಕೇಳಿದ. ಇಡೀ ಊರು ವರ್ಷಕ್ಕೊಮ್ಮೆ ಆ ಕತ್ತಿಗೆ ಕೈಮುಗಿದಿದೆ. ಎಲ್ಲರೂ ನನ್ನನ್ನು ನೋಡಿದರು. ತೋಟಪ್ಪನ ಬಾಯಿ ತೆರೆಯಿತು. ಅವನು ಹೇಳಿಬಿಡುತ್ತಿದ್ದ, ರಾಘಣ್ಣ. ನನ್ನ ಮಗ ಹೇಡಿಯಲ್ಲ.

ನಾನು ಅಂದೆ: "ತೋಟಪ್ಪಾ, ಏನ್ ನೋಡ್ಕೋತ ನಿಂತಿ? ಜಮಾದಾರರಿಗೆ ಹಾಲ ತರಸು."

ಅವನು ಹಾಲು ತರಲು ಒಳಗೆ ಹೋದ. ಅವನು ಹೊರಗೆ ಬರುವುದರೊಳಗೆ ಹನಮಪ್ಪ "ನಮ್ದರಿ" ಎಂದು ಮುಂದೆ ಬಂದು ನಿಂತಿದ್ದ. ಅವನ ಕೈ ಕಟ್ಟುವಾಗ ನಾನು ಬೇವಿನ ಮರ ನೋಡುತ್ತ ನಿಂತಿದ್ದೆ. ಉಂಡ ಉಪ್ಪಿಗೆ ಹೀಗೆ ನಡೆದುಕೊಳ್ಳುವವರು ಈಗಲೂ ಇದ್ದಾರಲ್ಲ ಎಂದು ಆ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ನೆನಪು ಬಂದರೆ ಈಗ ಅನ್ನ ಇಳಿಯುವುದಿಲ್ಲ.

ಹೇಳಿದರೆ ಗೌಡಕಿ ಹೋಗುತ್ತದೆ, ಇನಾಮು ಹೋಗುತ್ತದೆ, ತೋಟಪ್ಪನನ್ನೇ ಒಯ್ಯುತ್ತಾರೆ. ಇದು ನನ್ನ ಲೆಕ್ಕವಾಗಿತ್ತು. ತೋಟಪ್ಪ ಅಂದಿನಿಂದ ನನ್ನ ಎದುರು ಕುಳಿತು ಉಣ್ಣುವುದಿಲ್ಲ.

ನಿನ್ನೆ ಹನಮಪ್ಪನ ಹೆಂಡತಿ ಚನ್ನವ್ವ ಬಂದಿದ್ದಳು. ಕಟ್ಟೆಯ ಕೆಳಗೇ ನಿಂತಳು. ಕುಳಿತುಕೋ ಅಂದೆ.

"ಕುಂತು ಆಡೂ ಮಾತಲ್ರಿ ಇದು. ಅವ್ವಾರ, ನಿಮ್ಮ ಬಾಯಾಗ ಒಂದ್ ಮಾತೈತಿ. ಅದನ್ನ ರೋಣಕ್ಕ ಹೋಗಿ ಆಡಿ ಬರ್ರಿ."

"ಯೋಚನಿ ಮಾಡಾಕತ್ತೀನಿ, ಚನ್ನವ್ವ."

"ಮಾಡ್ರಿ. ನಮ್ಮವರು ಅಲ್ಲಿ ಆರಾಮ ಅದಾರ, ನೀವು ಸಾವಕಾಶ ಯೋಚನಿ ಮಾಡ್ರಿ."

ಅಷ್ಟೇ ಹೇಳಿ ಹೋದಳು. ಇಷ್ಟು ವರ್ಷದಲ್ಲಿ ಆ ಓಣಿಯವರು ಯಾರೂ ನನ್ನ ಎದುರು ಹೀಗೆ ಮಾತಾಡಿರಲಿಲ್ಲ. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಏನು ಮಾಡಬೇಕೆಂದು ನನಗೆ ಗೊತ್ತು. ಸಾಹೇಬರು ಬರಲು ಇನ್ನೂ ದಿನವಿದೆ ಎಂದು ದಿನ ಎಣಿಸುತ್ತಿದ್ದೇನೆ.

ಶೇಖವ್ವ


ಗಜೇಂದ್ರಗಡ
೨೮ ಜೂನ್ ೧೮೫೮

ಶೇಖಕ್ಕನವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಕಚೇರಿಗೆ ಹೋಗಲಿಲ್ಲ. ನೀವು ನನಗೆ ಬಚ್ಚಿಟ್ಟದ್ದನ್ನು ಹೇಳಿದಿರಿ. ನಾನು ಬಚ್ಚಿಟ್ಟದ್ದನ್ನು ಹೇಳದೆ ಇದ್ದರೆ ನಿಮ್ಮ ಅಪರಾಧಕ್ಕಿಂತ ನನ್ನದು ದೊಡ್ಡದಾಗುತ್ತದೆ.

ಕಲ್ಲಿನ ಅಕ್ಷರಗಳು ಸವೆದಿಲ್ಲ. ಕಳೆದ ಮಾನೌಮಿಗೆ ಬಂದವನು ಹದಿನೈದೇ ದಿನದಲ್ಲಿ ಪೂರ್ತಿ ಓದಿದ್ದೆ. ಬಸದಿಯ ಪಂಡಿತರೊಬ್ಬರಿಗೂ ತೋರಿಸಿ ಖಾತ್ರಿ ಮಾಡಿಕೊಂಡಿದ್ದೆ. ಹಳೆಯ ಮಾತನ್ನು ಈಗಿನ ಮಾತಿಗೆ ಇಳಿಸಿ ಬರೆಯುತ್ತೇನೆ:

"ಸಿಂಗನಗಿರಿಯ ದಂಡು ಹೊಳೆ ದಾಟುವಾಗ ಬೆನ್ನ ಕಾವಲಿಗೆ ನಿಂತು, ಗೊಣ್ಣಾಳದ ಕಾವಲುಗಾರ ಬಮ್ಮನ ಮಗ ಮಾಚ ಕಾದಿ ಬಿದ್ದ. ಅವನ ಕತ್ತಿಯೂ ಬೇವಿನಹಳ್ಳದ ಹನ್ನೆರಡು ಮತ್ತರು ಎರೆ ಭೂಮಿಯೂ ಅವನ ಕೂಸಿಗೆ ನೆತ್ತರಗೊಡಗೆ. ಕೂಸು ದೊಡ್ಡದಾಗುವವರೆಗೆ ಊರ ಗೌಡ ಕಾಯತಕ್ಕದ್ದು."

ಹನಮಪ್ಪನ ಅಪ್ಪನ ಹೆಸರು ಮಾಚ. ಹನಮಪ್ಪನ ಹಿರಿಯ ಮಗನ ಹೆಸರೂ ಮಾಚ. ಆ ಮನೆಯಲ್ಲಿ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರಿಡುತ್ತಾರೆ. ಯಾಕೆಂದು ನಾವು ಯಾರೂ ಕೇಳಿರಲಿಲ್ಲ. ಮಾನೌಮಿಯ ದಿನ ಅವರು ಕತ್ತಿ ಹೊರುವುದು ಆಳಿನ ಕೆಲಸವಲ್ಲ, ಅಕ್ಕ. ಕತ್ತಿಯ ಧಣಿ ಅದನ್ನು ಮತ್ತೊಂದು ವರ್ಷಕ್ಕೆ ಕಾಯಲು ನಿಮ್ಮ ಮನೆಗೆ ಒಪ್ಪಿಸುತ್ತಿದ್ದಾನೆ. ಹನಮಪ್ಪ ಕಚೇರಿಯಲ್ಲಿ ಹೇಳುತ್ತಿರುವುದು ನಿಮ್ಮ ಉಪ್ಪಿನ ಮಾತಲ್ಲ ಎಂದು ನನಗೆ ಅನ್ನಿಸುತ್ತದೆ. ಅವನ ಮನೆಯಲ್ಲಿ ಇದು ಬಾಯಿಂದ ಬಾಯಿಗೆ ಉಳಿದಿರಬೇಕು.

ನಿಮ್ಮ ಹಿರಿಯನನ್ನು ಆ ಕಲ್ಲು ಎಲ್ಲಿಯೂ ಹಳಿದಿಲ್ಲ. ಅವನನ್ನು ನಂಬಿದೆ, ಅಷ್ಟೇ.

ಯಾಕೆ ಸುಳ್ಳು ಬರೆದೆ? ನಿಮ್ಮ ಯಜಮಾನರಾದ ಗೌಡರು ತೀರಿಕೊಂಡು ಆರು ತಿಂಗಳಾಗಿತ್ತು. ನೀವು ಆ ಕಲ್ಲಿನ ಮುಂದೆ ನಿಂತು ಅದಕ್ಕೆ ಎಣ್ಣೆ ಹಚ್ಚುವಾಗ ನಿಮ್ಮ ಮುಖ ನೋಡಿದ್ದೆ. ಆ ಮುಖ ನೆನೆಸಿಕೊಂಡು ಬರೆದೆ. ಬೇರೆ ಕಾರಣವಿಲ್ಲ.

ರಾಘಣ್ಣ


ಗಜೇಂದ್ರಗಡ
೨ ಆಗಸ್ಟ್ ೧೮೫೮

ಶೇಖಕ್ಕ, ತಿಂಗಳಾದರೂ ನಿಮ್ಮಿಂದ ಕಾಗದವಿಲ್ಲ. ಮೌಲಾಸಾಬನನ್ನು ಕೇಳಿದರೆ, "ಗೌಡಸಾನೇರ ಬಳಿ ಹಾಕ್ಕೊಳ್ಳಾವ್ರಲ್ಲ, ಅವರ ಮನಿ ಕಡಿ ನಂದೇನ್ ಕೆಲಸ್ರಿ?" ಎಂದು ಜಾರಿಕೊಳ್ಳುತ್ತಾನೆ. ಏನೋ ಗೊತ್ತಿದೆ, ಹೇಳುತ್ತಿಲ್ಲ. ಬೈದಾದರೂ ಬರೆಯಿರಿ.

ರಾಘಣ್ಣ


ಗೊಣ್ಣಾಳ
೨೦ ಅಕ್ಟೋಬರ್ ೧೮೫೮

ರಾಘಣ್ಣ,

ನಿನ್ನನ್ನು ಬೈಯುವಷ್ಟು ಎತ್ತರದಲ್ಲಿ ನಾನು ಉಳಿದಿಲ್ಲ. ಅದಕ್ಕೇ ಬರೆಯಲಿಲ್ಲ.

ಕಲ್ಲಿನ ಮಾತು ಇದ್ದ ನಿನ್ನ ಕಾಗದ ಜುಲೈ ಒಂದನೆಯ ತಾರೀಖು ಕೈಸೇರಿತು. ಬಂಡಿ ಕಟ್ಟಿಸಿದ್ದರೆ ಅದೇ ಸಂಜೆ ರೋಣದಲ್ಲಿರುತ್ತಿದ್ದೆ. ಕಟ್ಟಿಸಲಿಲ್ಲ. ಒಂದು ದಿನ ನಿನ್ನ ಓದು ತಪ್ಪಿರಬೇಕೆಂದು ಕಲ್ಲಿನ ಮುಂದೆ ಹೋಗಿ ಕುಳಿತೆ. ಮರುದಿನ ಹನಮಪ್ಪನಿಗೆ ಇದೆಲ್ಲ ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದ ಎಂದು ಅವನ ಮೇಲೆಯೇ ಸಿಟ್ಟಾದೆ. ಹೀಗೆ ನಾಲ್ಕು ದಿನ. ಮೂರನೆಯ ದಿನ ಸಾಹೇಬರು ರೋಣಕ್ಕೆ ಬಂದಿದ್ದರು. ಅಂದೇ ಕಚೇರಿಯ ಬಯಲಿನಲ್ಲಿ ಹನಮಪ್ಪನಿಗೆ ಮೂವತ್ತು ಛಡಿ ಏಟು ಕೊಟ್ಟರು. ಧಾರವಾಡಕ್ಕೆ ಕಳಿಸುವ ಹುಕುಮೂ ಆಯಿತು. ಈ ಸುದ್ದಿ ಬಂದ ಮೇಲೆ ನಾನು ಎದ್ದೆ. ಅದಕ್ಕೂ ಮೊದಲು ಏಳಲಿಲ್ಲ. ಇದನ್ನು ಮತ್ತೊಮ್ಮೆ ಓದು.

ಐದನೆಯ ತಾರೀಖು ತೋಟಪ್ಪನನ್ನು ಕರೆದುಕೊಂಡು ಕಚೇರಿಗೆ ಹೋದೆ. ಹನಮಪ್ಪನನ್ನು ಇಬ್ಬರು ತೋಳು ಹಿಡಿದು ತಂದರು. ಸಾಹೇಬರ ಪರವಾಗಿ ಶಿರಸ್ತೇದಾರ ಕೇಳಿದ, "ಈ ಕತ್ತಿ ಯಾರದು?"

"ನನ್ನದು. ನಾನೇ ಇವನ ಮನ್ಯಾಗ ಇಡಿಸಿದೆ. ಇವನದೇನೂ ತಪ್ಪಿಲ್ಲ," ಅಂದೆ.

"ಸುಳ್ಳರಿ," ಅಂದ ಹನಮಪ್ಪ. ಬಗ್ಗಿದ ಬೆನ್ನಿನಿಂದಲೇ ತಲೆ ಎತ್ತಿ, "ಕತ್ತಿ ನಮ್ದು. ಇಟ್ಟವರು ಅವರು ಖರೇ. ಕತ್ತಿ ಮಾತ್ರ ನಮ್ದು."

ಕಚೇರಿ ಗೊಳ್ಳೆಂದು ನಕ್ಕಿತು. ನಮ್ಮದಲ್ಲ, ನಮ್ಮದಲ್ಲ ಎಂದು ಕಾಲು ಹಿಡಿಯುವವರನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ನಮ್ಮದು ನಮ್ಮದು ಎಂದು ಜಗಳಾಡುವವರು ಅವರಿಗೆ ಹೊಸಬರು. ಯೋಚಿಸು ರಾಘಣ್ಣ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಕತ್ತಿ ನಮ್ಮದೆಂಬ ಮಾತನ್ನು ಗರ್ವದಿಂದ ಆಡಿಕೊಂಡು ಬಂದವಳು, ಅದನ್ನು ಆಡಲೇಬೇಕಾದ ದಿನ ಅದು ಸುಳ್ಳೆಂದು ತಿಳಿದು ಆಡಿದೆ. ಅವನು ಖರೇ ಹೇಳಿದ. ಅದನ್ನು ಖರೇ ಎಂದು ನಾನು ಒಪ್ಪಿದ್ದರೆ ಅವನು ಧಾರವಾಡಕ್ಕೆ ಹೋಗುತ್ತಿದ್ದ.

ಸಾಹೇಬರು ನನ್ನ ಮಾತು ನಂಬಿ ಹನಮಪ್ಪನನ್ನು ಬಿಟ್ಟರು. ನನಗೆ, "ಮುದುಕಿ, ಮನೆಗೆ ಹೋಗು, ಇನ್ನೊಮ್ಮೆ ಹೀಗೆ ಮಾಡಬೇಡ" ಎಂದು ಹೇಳಿಸಿದರು. ಅಷ್ಟೇ. ಗೌಡಕಿ ಹೋಗಲಿಲ್ಲ, ತೋಟಪ್ಪನನ್ನು ಯಾರೂ ಮುಟ್ಟಲಿಲ್ಲ. ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದು ಆಗಲೇ ಇಲ್ಲ. ಕತ್ತಿಯನ್ನು ಕಮ್ಮಾರನಿಂದ ಎರಡು ತುಂಡು ಮಾಡಿಸಿದರು.

ಹಿಂತಿರುಗುವಾಗ ಬಂಡಿಯಲ್ಲಿ ಹನಮಪ್ಪ ಬೋರಲು ಮಲಗಿದ್ದ. ನಾನು ಕೇಳಿದೆ, "ನಿನಗ ಗೊತ್ತಿತ್ತೇನೋ?"

"ನಮ್ಮ ಆಯಿ ಹೇಳತಿದ್ಲರಿ. ಕಲ್ಲಾಗ ಬರದಾರಂತ. ನಮಗೆಲ್ಲಿ ಓದಾಕ ಬರತೈತ್ರಿ?"

"ಮತ್ಯಾಕ ಒಮ್ಮಿನೂ ಕೇಳಲಿಲ್ಲ?"

"ಓದಾಕ ಬರೂದು ನಿಮಗ, ಅವ್ವಾರ. ನೀವು ಓದೀರಿ ಅಂತ ತಿಳದಿದ್ವಿ."

ಮನೆಗೆ ಬಂದ ಮೇಲೆ ನಾನು ಎಣ್ಣೆಯ ಬಟ್ಟಲು ಹಿಡಿದು ಅವರ ಓಣಿಗೆ ಹೋದೆ. ಅವನ ಬೆನ್ನಿಗೆ ಹಚ್ಚುತ್ತೇನೆ ಅಂದೆ. ಚನ್ನವ್ವ ಬಾಗಿಲಿಗೆ ಅಡ್ಡ ನಿಂತಳು.

"ಈ ಬೆನ್ನಿಗೆ ನಾ ಹಚ್ಚತೀನ್ರಿ. ನೀವು ಕಲ್ಲಿಗೆ ಹಚ್ರಿ, ಅದು ರೂಢಿ ಐತಿ ನಿಮಗ."

ತಿರುಗಿ ಬಂದೆ.

ಹನಮಪ್ಪ ಹೊಲ ಕೇಳಲಿಲ್ಲ. ಮಾನೌಮಿಯ ದಿನ ಕಲ್ಲಿನಲ್ಲಿರುವುದನ್ನು ಊರ ಮುಂದೆ ಓದಿ ಹೇಳಿರಿ ಎಂದು ಮಾತ್ರ ಕೇಳಿದ. ಹೊಲ ಕೇಳಿದ್ದರೆ ನನಗೆ ಸುಲಭವಿತ್ತು.

ಮೊನ್ನೆ ಮಾನೌಮಿ. ಊರೆಲ್ಲ ಸೇರಿತ್ತು. ಹನಮಪ್ಪ ಬರಿಗೈಯಲ್ಲಿ ಬಂದು ಕಲ್ಲು ಮುಟ್ಟಿದ, ಆಮೇಲೆ ರೂಢಿಯಂತೆ ಎರಡೂ ಕೈ ತೋಟಪ್ಪನ ಕಡೆ ಚಾಚಿದ. ಕೈಯಲ್ಲಿ ಏನೂ ಇರಲಿಲ್ಲ. ತೋಟಪ್ಪನಿಗೆ ಏನು ತೆಗೆದುಕೊಳ್ಳಬೇಕೋ ತಿಳಿಯದೆ ಅವನೂ ಕೈ ಚಾಚಿಕೊಂಡು ನಿಂತ. ನಾನು ನಿನ್ನ ಕಾಗದ ಬಿಚ್ಚಿ ಓದಿದೆ. ನನ್ನ ದನಿ ನಿನಗೆ ಗೊತ್ತು, ಓಣಿಯ ಆ ತುದಿಗೆ ಕೇಳುವಂಥದ್ದು. ಅಂದು ಮುಂದಿನ ಸಾಲಿನವರೇ "ಜೋರ ಓದ್ರಿ" ಅಂದರು. ಮೊದಲಿನಿಂದ ಮತ್ತೆ ಓದಿದೆ. "ಕೂಸು ದೊಡ್ಡದಾಗುವವರೆಗೆ ಊರ ಗೌಡ ಕಾಯತಕ್ಕದ್ದು" ಎಂದು ಮುಗಿಸಿದಾಗ ಹೆಂಗಸರ ನಡುವಿನಿಂದ ಚನ್ನವ್ವನ ದನಿ ಬಂತು:

"ಆ ಕೂಸು ಇನ್ನೂ ದೊಡ್ಡದಾಗಿಲ್ಲೇನ್ರಿ, ಅವ್ವಾರ?"

ಊರು ನಕ್ಕಿತು. ನಮ್ಮ ಮನೆಯ ಆಳುಗಳೂ ನಕ್ಕರು. ಹನಮಪ್ಪ ನಗಲಿಲ್ಲ. ಅವನು ನಕ್ಕಿದ್ದರೆ ಒಳ್ಳೆಯದಿತ್ತು.

ಈಗ ಹಿಂಗಾರಿಯ ಬಿತ್ತಿಗೆಯ ದಿನ. ಕಟ್ಟೆಗೆ ಒರಗಿಸಿದ್ದ ಕೂರಿಗೆಯನ್ನು ತೋರಿಸಿ ತೋಟಪ್ಪನಿಗೆ ಹೇಳಿದೆ, "ಬೇವಿನಹಳ್ಳದ ಹೊಲ ಅವರದು. ಕೂರಿಗಿ ಅವರ ಅಂಗಳಕ್ಕ ಒಯ್ದು ಇಳಿಸು." ಕಚೇರಿಯ ಕಾಗದ ಬದಲಾಯಿಸುವುದು ನಿನ್ನ ಕೆಲಸ, ನೀನು ಬರೆಯಬೇಕು, ನಾನು ಸಹಿ ಹಾಕುತ್ತೇನೆ. ತೋಟಪ್ಪ ಕೂರಿಗೆಯನ್ನು ಹೆಗಲ ಮೇಲೆ ಹೊತ್ತು ನಡೆದ. ಹನಮಪ್ಪ ಕೈ ಬೀಸಿಕೊಂಡು ಅವನ ಹಿಂದೆ ಹೋದ. ಬೆನ್ನು ಇನ್ನೂ ನೆಟ್ಟಗಾಗಿಲ್ಲ.

ಕೈಫಿಯತ್ತನ್ನು ಹೊಸದಾಗಿ ಬರೆ. ಸಿಂಗನಗಿರಿಯ ದಂಡು ಹೇಗೆ ಬೆಳೆಯಿತು, ಕೇತರಸನ ಕಟ್ಟಳೆ ಏನು, ಮಾಚ ಎಲ್ಲಿ ನಿಂತು ಬಿದ್ದ, ಎಲ್ಲವೂ ಇರಲಿ. ಕೊನೆಗೆ ಇದನ್ನೂ ಸೇರಿಸು: ಅದೇ ಊರಿನಲ್ಲಿ ಓದು ಬರಹ ಬಲ್ಲ ಶೇಖವ್ವ ಎಂಬವಳು ಇದ್ದಳು, ಕಲ್ಲಿನ ಮಾತು ತಿಳಿದ ಮೇಲೂ ನಾಲ್ಕು ದಿನ ಮನೆಯಲ್ಲಿ ಕುಳಿತಿದ್ದಳು, ಮೂರನೆಯ ದಿನ ಮಾಚನ ಕುಲದವನಿಗೆ ಮೂವತ್ತು ಏಟು ಬಿದ್ದವು.

ಬರೆಯುವಾಗ ನನ್ನ ಮುಖ ನೆನೆಸಿಕೊಳ್ಳಬೇಡ.

ಶೇಖವ್ವ